ಗಿಂಡಿಯ ಕಂಪ್ಯೂಟರೂ ಎರಡು ಬಗೆಯ ಮೆಮೊರಿಯೂ

ರಾಜ್ಯೋತ್ಸವದ ಸಂಚಿಕೆಯೆಂದರೆ ಹಲ್ಮಿಡಿಯ ಶಾಸನ, ಹೊಯ್ಸಳರ ಶಿಲ್ಪ, ವಿಜಯನಗರದ ವೈಭವ, ಕರ್ನಾಟಕದ ಏಕೀಕರಣ ಮೊದಲಾದ ವಿಷಯಗಳ ಮೇಲೆ ಬಲ್ಲವರು ಬರೆದ ಲೇಖನಗಳನ್ನು ವಾಚಕರು ನಿರೀಕ್ಷಿಸುವುದು ಸಹಜವೇ ಆಗಿದೆ. ಅಂಥ ಲೇಖನಗಳ ನಡುವೆ ಹಳೆಯ ಕಂಪ್ಯೂಟರುಗಳ ಮೆಮೊರಿಯ ವಿಚಾರವನ್ನು ತಂದಿರಿಸುವುದು ಮದುವೆಯ ಮನೆಯಲ್ಲಿ ಲೆಕ್ಕದ ಪುಸ್ತಕ ಬಿಚ್ಚಿದಂತೆ ಕೆಲವರಿಗೆ ತೋರಬಹುದು. ಆದರೆ ಇತಿಹಾಸವೆಂಬುದು ಅರಸರ ಆಸ್ಥಾನದಲ್ಲಿ ಮಾತ್ರ ನಡೆಯುವಂಥದಲ್ಲ. ಪರಸ್ಥಳದಲ್ಲಿ ನೆಲೆಸಿದ ನಮ್ಮಂಥವರ ಬಾಡಿಗೆಯ ಕೋಣೆಗಳಲ್ಲಿಯೂ ಅದು ನಡೆಯುತ್ತದೆ. ಬರೆದಿಡುವವರಿಲ್ಲದೆ ಮರೆತೂ ಹೋಗುತ್ತದೆ. ನಮ್ಮ ಸಂಘದ ಸ್ಮರಣ ಸಂಚಿಕೆ ಮೊತ್ತಮೊದಲು ಕಂಪ್ಯೂಟರಿನ ಮೇಲೆ ಸಿದ್ಧವಾದ ಕಾಲದಲ್ಲಿ ಗಿಂಡಿಯ ಒಂದು ಚಿಕ್ಕ ಕೋಣೆಯಲ್ಲಿ ನಡೆದ ಸಂಗತಿಯೊಂದನ್ನೂ, ಆ ಸಂಗತಿಗೆ ಕಾರಣವಾದ ಯಂತ್ರದ ಚರಿತ್ರೆಯನ್ನೂ ಇಲ್ಲಿ ಹೇಳಬೇಕೆಂದಿದ್ದೇವೆ.

ಗಿಂಡಿಯೆಂದರೆ ನಮ್ಮ ಮನೆಗಳಲ್ಲಿ ನೀರಿನ ಒಂದು ಚಿಕ್ಕ ಪಾತ್ರೆ. ಚೆನ್ನೈಯ ಗಿಂಡಿಗೂ ಆ ಪಾತ್ರೆಗೂ ಸಂಬಂಧವಿಲ್ಲವಾದರೂ, ಊರಿನಿಂದ ಹೊಸತಾಗಿ ಬಂದ ನಮ್ಮ ನೆಂಟರು ಸ್ಟೇಷನ್ನಿನ ಹೆಸರನ್ನು ಓದಿ ನಗದೆ ಮುಂದಕ್ಕೆ ಹೋದುದಿಲ್ಲ. ಈ ಗಿಂಡಿಯ ಪಾತ್ರ ಮಾತ್ರ ಸಣ್ಣದಲ್ಲ. ೧೭೯೪ರಲ್ಲಿ ಭೂಮಾಪನದ ಶಾಲೆಯಾಗಿ ಹುಟ್ಟಿ, ಮುಂದೆ ಇಂಜಿನಿಯರಿಂಗ್ ಕಾಲೇಜಾಗಿ ಬೆಳೆದ ವಿದ್ಯಾಸಂಸ್ಥೆ ೧೯೨೦ರಲ್ಲಿ ಇಲ್ಲಿಗೆ ಬಂದಿತು. ಬಳ್ಳಾರಿ ೧೯೫೩ರ ವರೆಗೂ ದಕ್ಷಿಣ ಕನ್ನಡ ೧೯೫೬ರ ವರೆಗೂ ಮದ್ರಾಸಿಗೆ ಸೇರಿದ್ದುವಾದ ಕಾರಣ, ಆ ಜಿಲ್ಲೆಗಳ ಹುಡುಗರಿಗೆ ಗಿಂಡಿಯ ಕಾಲೇಜು ಪರರಾಜ್ಯದ್ದಾಗಿರಲಿಲ್ಲ, ತಮ್ಮದೇ ಆಗಿದ್ದಿತು. ೧೯೫೮ರಲ್ಲಿ ಇಲ್ಲಿಯ ಕೈಗಾರಿಕಾ ವಸಾಹತು ತಲೆಯೆತ್ತಿತು. ಮರುವರ್ಷ ನೆರೆಯಲ್ಲಿಯೇ ಐಐಟಿ ಸ್ಥಾಪನೆಯಾಯಿತು. ಚಿಕ್ಕ ಕಾರ್ಖಾನೆಗಳು, ಅವುಗಳ ಕೆಲಸಗಾರರು, ಆ ಕೆಲಸಗಾರರಿಗೆ ಊಟ ತಿಂಡಿ ಒದಗಿಸುವ ಹೋಟೆಲುಗಳು—ಹೀಗೆ ಒಂದರ ಬೆನ್ನಿಗೆ ಒಂದು ಬೆಳೆದು, ಅವುಗಳ ನಡುವೆ ಕನ್ನಡದ ಮನೆಗಳೂ ಅಲ್ಲಲ್ಲಿ ಬೇರು ಬಿಟ್ಟವು.

ಕಂಪ್ಯೂಟರು ಗಿಂಡಿಗೆ ಬಂದುದು ನಾವು ತಿಳಿದಿರುವುದಕ್ಕಿಂತ ಮೊದಲೇ. ೧೯೬೦ರ ದಶಕದಲ್ಲಿಯೇ ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಐಬಿಎಂ ೧೬೨೦ ಎಂಬ ಯಂತ್ರವಿದ್ದಿತು. ಕೋಣೆಯನ್ನೇ ಬೇಡುವ ಆ ಯಂತ್ರ ಅದರ ಮೂಲರೂಪದಲ್ಲಿ ನೆನಪಿನಲ್ಲಿ ಇರಿಸಿಕೊಳ್ಳಬಲ್ಲದ್ದು ಕೇವಲ ೨೦,೦೦೦ ಅಂಕೆಗಳನ್ನು. ಹೆಚ್ಚು ಹಣ ಕೊಟ್ಟು ಹಿಗ್ಗಿಸಿದರೆ ೬೦,೦೦೦. ೧೯೭೩ರಲ್ಲಿ ಐಐಟಿಗೆ ಪಶ್ಚಿಮ ಜರ್ಮನಿಯ ನೆರವಿನಿಂದ ಐಬಿಎಂ ೩೭೦/೧೫೫ ಬಂದಾಗ ಅದು ದೇಶದ ದೊಡ್ಡ ಯಂತ್ರಗಳಲ್ಲಿ ಒಂದೆನಿಸಿತು. ಇವೆಲ್ಲ ವಿದ್ಯಾಸಂಸ್ಥೆಗಳ ಸೊತ್ತು. ಸಾಮಾನ್ಯರ ಮೇಜಿನ ಮೇಲೆ ಕೂರುವ ಪರ್ಸನಲ್ ಕಂಪ್ಯೂಟರು ೧೯೮೧ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಹೊರಬಂದಿತಾದರೂ, ಭಾರತದಲ್ಲಿ ೧೯೮೪ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದಿನ ಸುಂಕ ಮತ್ತು ಕಟ್ಟುಪಾಡುಗಳನ್ನು ಸಡಿಲಿಸಿದ ಮೇಲೆಯೇ ಚಿಕ್ಕ ವ್ಯಾಪಾರಸ್ಥರ ಕೈಗೆ ಅದು ಎಟುಕುವಂತಾಯಿತು. ಮೌಂಟ್ ರೋಡಿನ ಬದಿಯ ರಿಚ್ಚಿ ಸ್ಟ್ರೀಟಿನಲ್ಲಿ ಬಿಡಿ ಭಾಗಗಳನ್ನು ಕೊಂಡು ಜೋಡಿಸಿ ಕೊಡುವವರೂ ಹುಟ್ಟಿಕೊಂಡರು. ೧೯೯೦ರ ಸುಮಾರಿಗೆ ಗಿಂಡಿಯ ಲೇತ್ ಯಂತ್ರದ ಶೆಡ್ಡಿನ ಪಕ್ಕದಲ್ಲಿ, ಹೋಟೆಲಿನ ಗಲ್ಲಾದ ಹಿಂದಿನ ಕೋಣೆಯಲ್ಲಿ, ಲೆಕ್ಕಪತ್ರ ಬರೆಯುವವರ ಕಚೇರಿಯಲ್ಲಿ ಹಸುರು ಅಕ್ಷರ ಮಿನುಗುವ ತೆರೆಗಳು ಕಾಣತೊಡಗಿದುವು.

ಈ ಯಂತ್ರ ಕೊಳ್ಳಹೋದವನಿಗೆ ಅಂಗಡಿಯವನು ಒಂದು ಪ್ರಶ್ನೆ ಕೇಳುತ್ತಿದ್ದನು: “ಮೆಮೊರಿ ಎಕ್ಸ್‌ಟೆಂಡೆಡ್ ಬೇಕೋ, ಎಕ್ಸ್‌ಪ್ಯಾಂಡೆಡ್ ಬೇಕೋ?” ಎರಡು ಮಾತುಗಳೂ ಕಿವಿಗೆ ಒಂದೇ ಬಗೆ, ಎರಡರ ಅರ್ಥವೂ ಹಿಗ್ಗಿದ್ದು, ಚಾಚಿದ್ದು ಎಂದೇ. ಕೇಳುವವನಿಗೂ ಅದರ ಮರ್ಮ ಪೂರ್ಣವಾಗಿ ತಿಳಿಯದು, ಹೇಳುವವನಿಗಂತೂ ತಿಳಿಯದು. ಇಂಥ ಪ್ರಶ್ನೆಯೊಂದು ಹುಟ್ಟಿದ್ದೇಕೆ ಎಂಬುದನ್ನು ತಿಳಿಯಲು ಯಂತ್ರದ ಒಳಗಣ ಒಂದು ಮಿತಿಯನ್ನು ಅರಿಯಬೇಕಾಗುತ್ತದೆ.

ಮೊದಲ ಪರ್ಸನಲ್ ಕಂಪ್ಯೂಟರಿನಲ್ಲಿದ್ದ ಇಂಟೆಲ್ ೮೦೮೮ ಎಂಬ ಪ್ರೊಸೆಸರಿಗೆ ಮೆಮೊರಿಯ ವಿಳಾಸ ಬರೆಯಲು ಇದ್ದುದು ೨೦ ತಂತಿಗಳು. ಪ್ರತಿಯೊಂದು ತಂತಿಗೂ ಎರಡು ಸ್ಥಿತಿಗಳಾದುದರಿಂದ ಒಟ್ಟು ೧೦,೪೮,೫೭೬ ವಿಳಾಸಗಳು. ಎಂದರೆ ಒಂದು ಮೆಗಾಬೈಟ್ ಅಥವಾ ೧,೦೨೪ ಕಿಲೋಬೈಟ್. ಅದರಾಚೆಗೆ ಎಷ್ಟೇ ಮೆಮೊರಿ ತಂದು ಸುರಿದರೂ ಆ ಪ್ರೊಸೆಸರಿಗೆ ಅದು ಊರಾಚೆಯ ವಿಳಾಸವಿಲ್ಲದ ಮನೆಯೇ ಸರಿ. ಈ ೧,೦೨೪ರಲ್ಲಿ ಮೇಲಿನ ೩೮೪ನ್ನು ತೆರೆಯ ಚಿತ್ರಕ್ಕೆ, ಯಂತ್ರದ ಸ್ವಂತ ಸೂಚನೆಗಳಿಗೆ, ಮುಂದೆ ಸೇರಿಸಬಹುದಾದ ಕಾರ್ಡುಗಳಿಗೆ ಎಂದು ಐಬಿಎಂನವರು ಕಾದಿರಿಸಿದರು. ಉಳಿದ ೬೪೦ ಕಿಲೋಬೈಟ್ ಬಳಸುವವರ ಪಾಲಿಗೆ. ಆ ದಿನಗಳಲ್ಲಿ ೧೬ ಅಥವಾ ೬೪ ಕಿಲೋಬೈಟಿನೊಡನೆ ಯಂತ್ರ ಮಾರಾಟವಾಗುತ್ತಿದ್ದಾಗ ೬೪೦ ಎಂಬುದು ಹತ್ತುಪಟ್ಟು ಉದಾರವಾದ ಕೊಡುಗೆಯಾಗಿಯೇ ಕಂಡಿತು. ಗೆರೆ ಎಳೆದವರನ್ನು ಇಂದು ಹಳಿಯುವುದು ಸುಲಭ. ಆದರೆ ಇಬ್ಬರಿಗೆಂದು ಕಟ್ಟಿಸಿದ ಮನೆಯಲ್ಲಿ ಹತ್ತು ಜನ ವಾಸಿಸುವ ಕಾಲ ಬರುವುದನ್ನು ಕಟ್ಟಿಸಿದವರು ಮೊದಲೇ ಕಂಡಿರುವುದು ಅಪರೂಪ.

ಆ ಕಾಲ ನಾಲ್ಕೇ ವರ್ಷಗಳಲ್ಲಿ ಬಂದಿತು. ೧೯೮೩ರಲ್ಲಿ ಹೊರಬಂದ ಲೋಟಸ್ ೧-೨-೩ ಎಂಬ ಲೆಕ್ಕದ ಹಾಳೆಯ ಪ್ರೋಗ್ರಾಮು ವ್ಯಾಪಾರಸ್ಥರ ಬಲಗೈಯಾಗಿ, ಹಾಳೆಗಳು ಬೆಳೆಬೆಳೆದು ೬೪೦ನ್ನು ತುಂಬಿದುವು. “ಮೆಮೊರಿ ತುಂಬಿತು” ಎಂಬ ಸಂದೇಶ ವರ್ಷಾಂತ್ಯದ ಲೆಕ್ಕ ಮುಗಿಸುವ ಹೊತ್ತಿನಲ್ಲಿಯೇ ತೆರೆಯ ಮೂಲೆಯಲ್ಲಿ ಮೂಡತೊಡಗಿತು. ಗಿಂಡಿಯಲ್ಲಿ ಕೊಡದ ನೀರು ಹಿಡಿಯದಷ್ಟೆ! ಇದಕ್ಕೆ ಎರಡು ಪರಿಹಾರಗಳು ಬೇರೆ ಬೇರೆ ದಿಕ್ಕಿನಿಂದ ಬಂದುವು.

ಮೊದಲನೆಯದು ಎಕ್ಸ್‌ಪ್ಯಾಂಡೆಡ್ ಮೆಮೊರಿ. ೧೯೮೫ರಲ್ಲಿ ಲೋಟಸ್ ಮತ್ತು ಇಂಟೆಲ್ ಸಂಸ್ಥೆಗಳು ಕೂಡಿ ಇದನ್ನು ಗೊತ್ತುಪಡಿಸಿದುವು. ಅದೇ ವರ್ಷ ಮೈಕ್ರೋಸಾಫ್ಟ್ ಸೇರಿಕೊಂಡು, ಮೂವರ ಹೆಸರಿನ ಮೊದಲಕ್ಷರಗಳಿಂದ ಇದಕ್ಕೆ ಲಿಂ ಎಂಬ ಹೆಸರಾಯಿತು. ಇದರ ಕ್ರಮವನ್ನು ನಮ್ಮವರಿಗೆ ಹೋಟೆಲಿನ ಮಾತಿನಲ್ಲಿ ಹೇಳುವುದೇ ಸುಲಭ. ಅಡಿಗೆಮನೆ ಇಕ್ಕಟ್ಟು, ಉಗ್ರಾಣ ಬೀದಿಯಾಚೆಗೆ. ಅಡಿಗೆಮನೆಯಲ್ಲಿ ನಾಲ್ಕು ಬುಟ್ಟಿ ಹಿಡಿಯುವ ಒಂದು ಹಲಗೆಯನ್ನು ಮಾತ್ರ ಹಾಕಿದ್ದಾರೆ. ಅಕ್ಕಿ ಬೇಕಾದಾಗ ಅಕ್ಕಿಯ ಬುಟ್ಟಿ ಬರುತ್ತದೆ, ಉದ್ದು ಬೇಕಾದಾಗ ಅಕ್ಕಿ ಹೋಗಿ ಉದ್ದು ಬರುತ್ತದೆ. ಭಟ್ಟರು ಅಡಿಗೆಮನೆ ಬಿಟ್ಟು ಕದಲಬೇಕಾಗಿಲ್ಲ. ಆದರೆ ಒಂದು ಹೊತ್ತಿಗೆ ಕೈಗೆಟುಕುವುದು ನಾಲ್ಕೇ ಬುಟ್ಟಿ. ಹಾಗೆಯೇ ಮೇಲಿನ ೩೮೪ರಲ್ಲಿ ೬೪ ಕಿಲೋಬೈಟಿನ ಒಂದು ಕಿಟಕಿಯನ್ನು ಬಿಡಿಸಿ, ಅದರ ಮೂಲಕ ೧೬ ಕಿಲೋಬೈಟಿನ ನಾಲ್ಕು ಪುಟಗಳನ್ನು ಬೇರೊಂದು ಕಾರ್ಡಿನಿಂದ ಬೇಕಾದಾಗ ಬೇಕಾದಂತೆ ಬದಲಿಸಿಕೊಳ್ಳುವುದು ಈ ಉಪಾಯ. ಹೀಗೆ ೮ ಮೆಗಾಬೈಟಿನ ವರೆಗೂ, ೧೯೮೭ರ ನಾಲ್ಕನೆಯ ಆವೃತ್ತಿಯಲ್ಲಿ ೩೨ ಮೆಗಾಬೈಟಿನ ವರೆಗೂ ಬಳಸಲು ಬರುತ್ತಿತ್ತು. ಇದರ ದೊಡ್ಡ ಗುಣವೆಂದರೆ ಅತಿ ಹಳೆಯ ೮೦೮೮ ಯಂತ್ರದಲ್ಲಿಯೂ ಅದು ನಡೆಯುತ್ತಿದ್ದುದು. ದೋಷವೆಂದರೆ ಬುಟ್ಟಿ ಬದಲಿಸುವ ವೇಳೆಯ ಖರ್ಚು. ಅಲ್ಲದೆ ಬುಟ್ಟಿ ಬದಲಿಸುವ ಕಲೆಯನ್ನು ಪ್ರತಿಯೊಂದು ಪ್ರೋಗ್ರಾಮೂ ಕಲಿತಿರಬೇಕಾದುದು.

ಎರಡನೆಯದು ಎಕ್ಸ್‌ಟೆಂಡೆಡ್ ಮೆಮೊರಿ. ೧೯೮೪ರಲ್ಲಿ ಬಂದ ಪಿಸಿ ಎಟಿ ಯಂತ್ರದ ೮೦೨೮೬ ಪ್ರೊಸೆಸರಿಗೆ ವಿಳಾಸದ ತಂತಿಗಳು ೨೪. ಆದ್ದರಿಂದ ಅದು ೧೬ ಮೆಗಾಬೈಟಿನ ವರೆಗೆ ನೇರವಾಗಿ ಕಾಣಬಲ್ಲದು. ಬೀದಿಯಾಚೆಗೆ ಉಗ್ರಾಣ ಮಾಡುವ ಬದಲು ಮನೆಯ ಮೇಲೆಯೇ ಮಾಳಿಗೆಗಳನ್ನು ಎತ್ತಿದ ಹಾಗೆ. ಆದರೆ ಇಲ್ಲಿಯೂ ಒಂದು ತೊಡಕು. ಮಾಳಿಗೆಗೆ ಹೋಗಬೇಕಾದರೆ ಪ್ರೊಸೆಸರು ಪ್ರೊಟೆಕ್ಟೆಡ್ ಮೋಡ್ ಎಂಬ ಬೇರೆ ನಡವಳಿಕೆಗೆ ಬದಲಾಗಬೇಕು; ಡಾಸ್ ಎಂಬ ನಮ್ಮ ದಿನಬಳಕೆಯ ವ್ಯವಸ್ಥೆ ಬಲ್ಲುದು ನೆಲಮಾಳಿಗೆಯ ನಡವಳಿಕೆಯೊಂದನ್ನೇ. ಮೇಲಕ್ಕೆ ಹೋದ ೨೮೬ಕ್ಕೆ ಮತ್ತೆ ಕೆಳಗಿಳಿದು ಬರಲು ನೇರವಾದ ಮೆಟ್ಟಿಲೇ ಇರಲಿಲ್ಲ. ಪ್ರೊಸೆಸರನ್ನೇ ಹೊಸದಾಗಿ ಎಬ್ಬಿಸಬೇಕಾಗುತ್ತಿತ್ತು. ಎಟಿ ಯಂತ್ರದಲ್ಲಿ ಆ ಎಬ್ಬಿಸುವ ಕೆಲಸವನ್ನು ಕೀಲಿಮಣೆಯನ್ನು ನೋಡಿಕೊಳ್ಳುವ ಚಿಕ್ಕ ಚಿಪ್ಪಿಗೆ ವಹಿಸಿದ್ದರೆಂದರೆ ಇಂದಿನ ಇಂಜಿನಿಯರುಗಳು ನಕ್ಕಾರು. ಹೀಗಾಗಿ ಬಹಳ ಕಾಲ ಎಕ್ಸ್‌ಟೆಂಡೆಡ್ ಮೆಮೊರಿ ಡಾಸ್ ಬಳಸುವವನಿಗೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ೧೯೮೮ರಲ್ಲಿ ಎಕ್ಸ್‌ಎಂಎಸ್ ಎಂಬ ಒಡಂಬಡಿಕೆಯಾಗಿ, ಹಿಮೆಮ್ ಎಂಬ ಕಾವಲುಗಾರ ಪ್ರೋಗ್ರಾಮು ಬಂದ ಬಳಿಕ ಅದಕ್ಕೊಂದು ಕ್ರಮ ಒದಗಿತು. ಒಂದು ಮೆಗಾಬೈಟಿನ ಮೇಲಿನ ಮೊದಲ ೬೫,೫೨೦ ಬೈಟುಗಳನ್ನು ಮಾತ್ರ ನೆಲಮಾಳಿಗೆಯಿಂದಲೇ ಕೈಚಾಚಿ ಮುಟ್ಟಬಹುದೆಂಬ ಗುಟ್ಟೂ ಬಳಕೆಗೆ ಬಂದಿತು. ೧೯೯೧ರ ಡಾಸ್ ೫ ತನ್ನ ಬಹುಭಾಗವನ್ನು ಅಲ್ಲಿಗೆ ಸಾಗಿಸಿ, ಕೆಳಗಿನ ೬೪೦ರಲ್ಲಿ ಬಳಸುವವನಿಗೆ ಅಷ್ಟಿಷ್ಟು ಜಾಗ ಬಿಟ್ಟುಕೊಟ್ಟಿತು.

ಹಾಗಾದರೆ ಎರಡರಲ್ಲಿ ಯಾವುದು ಮೇಲು? ಪ್ರಶ್ನೆಯನ್ನು ಹೀಗೆ ಕೇಳಿದವರೆಲ್ಲ ಆ ಕಾಲದಲ್ಲಿ ಮೋಸಹೋದರು. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: “ನಾವು ಮಾಡಬೇಕಾದ ಕೆಲಸಕ್ಕೆ ಬಳಸುವ ಪ್ರೋಗ್ರಾಮಿಗೆ ಯಾವುದು ತಿಳಿಯುತ್ತದೆ?” ಲೋಟಸ್ಸಿನ ಎರಡನೆಯ ಆವೃತ್ತಿ ಎಕ್ಸ್‌ಪ್ಯಾಂಡೆಡನ್ನು ಬಲ್ಲುದು, ೧೯೮೯ರ ಮೂರನೆಯ ಆವೃತ್ತಿ ೨೮೬ನ್ನೂ ಎಕ್ಸ್‌ಟೆಂಡೆಡನ್ನೂ ಬೇಡಿತು. ಒಂದೇ ಸಂಸ್ಥೆಯ ಅಣ್ಣತಮ್ಮಂದಿರು ಬೇರೆ ಬೇರೆ ದಿಕ್ಕು ಹಿಡಿದರು. ಎರಡನೆಯ ಆವೃತ್ತಿಯಲ್ಲಿಯೂ ಹಾಳೆಯ ಎಲ್ಲ ಭಾಗವೂ ಉಗ್ರಾಣಕ್ಕೆ ಹೋಗುತ್ತಿರಲಿಲ್ಲವಾದುದರಿಂದ, ಎಕ್ಸ್‌ಪ್ಯಾಂಡೆಡ್ ಇನ್ನೂ ಖಾಲಿ ಬಿದ್ದಿರುವಾಗಲೇ ಕೆಳಗಿನ ೬೪೦ ತುಂಬಿ ಕೆಲಸ ನಿಲ್ಲುತ್ತಿದ್ದುದುಂಟು. ಪುಸ್ತಕದ ಪುಟ ಜೋಡಿಸುವ ವೆಂಚುರಾ ಪಬ್ಲಿಷರಿನ ಹಿರಿಯ ರೂಪ ಎಕ್ಸ್‌ಪ್ಯಾಂಡೆಡನ್ನು ಮೆಚ್ಚಿತು. ಕೈಗಾರಿಕಾ ವಸಾಹತಿನ ನಕ್ಷೆಗಾರರಿಗೆ ಬೇಕಾದ ಆಟೋಕ್ಯಾಡ್, ೩೮೬ ಯಂತ್ರಗಳಿಗೆಂದೇ ಬಂದ ರೂಪದಲ್ಲಿ ಎಕ್ಸ್‌ಟೆಂಡೆಡಿನ ಪಕ್ಷ. ೧೯೯೦ರ ವಿಂಡೋಸ್ ೩.೦ ಕೆಳದರ್ಜೆಯ ರಿಯಲ್ ಮೋಡಿನಲ್ಲಿ ಎಕ್ಸ್‌ಪ್ಯಾಂಡೆಡಿನೊಡನೆಯೂ ಸಂಸಾರ ಮಾಡಿತು. ೧೯೯೨ರ ವಿಂಡೋಸ್ ೩.೧ ಅದನ್ನೂ ಬಿಟ್ಟು, ಎಕ್ಸ್‌ಟೆಂಡೆಡ್ ಇಲ್ಲದಿದ್ದರೆ ಮನೆಯ ಹೊಸ್ತಿಲನ್ನೇ ತುಳಿಯದಾಯಿತು. ಮಕ್ಕಳ ಆಟಗಳಲ್ಲಿಯೂ ಪಕ್ಷಭೇದ: ವಿಂಗ್ ಕಮಾಂಡರಿಗೆ ಎಕ್ಸ್‌ಪ್ಯಾಂಡೆಡ್ ಇದ್ದರೆ ಸೊಗಸು, ೧೯೯೩ರ ಡೂಮಿಗೆ ಎಕ್ಸ್‌ಟೆಂಡೆಡೇ ಬೇಕು.

ಇನ್ನು ಕನ್ನಡದ ಮಾತು. ಇಂಗ್ಲಿಷಿನ ಅಕ್ಷರಗಳ ಆಕಾರ ಯಂತ್ರದ ತೆರೆಯ ಕಾರ್ಡಿನಲ್ಲಿಯೇ ಕೊರೆದಿಟ್ಟದ್ದು. ಅವಕ್ಕೆ ೬೪೦ರಲ್ಲಿ ಬಾಡಿಗೆ ಇಲ್ಲ. ಅಲ್ಲಿ ಒಟ್ಟು ೨೫೬ ಆಕಾರಗಳಿಗೆ ಸ್ಥಳ, ಪ್ರತಿಯೊಂದಕ್ಕೂ ಸಮನಾದ ಇಕ್ಕಟ್ಟಿನ ಚೌಕ. ನಮ್ಮ ಕಾಗುಣಿತವೂ ಒತ್ತಕ್ಷರಗಳೂ ಆ ಚೌಕದಲ್ಲಿ ಹೇಗೆ ಕೂತಾವು? “ಸ್ತ್ರೀ” ಎಂಬ ಒಂದಕ್ಷರಕ್ಕೆ ಮೇಲೆ, ಕೆಳಗೆ, ಪಕ್ಕಕ್ಕೆ ಎಷ್ಟು ಸ್ಥಳ ಬೇಕೆಂಬುದನ್ನು ಅಚ್ಚುಮೊಳೆ ಜೋಡಿಸಿದವರನ್ನು ಕೇಳಬೇಕು. ಇದಕ್ಕೂ ಎರಡು ದಾರಿಗಳಿದ್ದುವು. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕಿನಲ್ಲಿ ಬೆಳೆದ ಜಿಸ್ಟ್ ಎಂಬ ಕಾರ್ಡನ್ನು ಯಂತ್ರದೊಳಗೆ ಸಿಕ್ಕಿಸಿದರೆ, ಕನ್ನಡವೂ ಸೇರಿ ಭಾರತದ ಲಿಪಿಗಳು ಡಾಸಿನ ತೆರೆಯ ಮೇಲೆಯೇ ಮೂಡುತ್ತಿದ್ದುವು. ಕಾರ್ಡು ಕೊಳ್ಳುವ ಶಕ್ತಿಯಿಲ್ಲದವರು ಅಕ್ಷರಗಳ ಆಕಾರವನ್ನು ಪ್ರೋಗ್ರಾಮಿನ ಮೂಲಕ ಮೆಮೊರಿಯಲ್ಲಿ ತುಂಬಿಕೊಳ್ಳಬೇಕು. ತೆರೆಯನ್ನು ಚುಕ್ಕೆ ಚುಕ್ಕೆಯಾಗಿ ಚಿತ್ರದಂತೆ ಬರೆಯಬೇಕು. ಎಂದರೆ ಇಂಗ್ಲಿಷಿನವನಿಗೆ ಲೆಕ್ಕದ ಹಾಳೆ ದೊಡ್ಡದಾದಾಗ ಮಾತ್ರ ತಲೆದೋರಿದ ಇಕ್ಕಟ್ಟು, ಕನ್ನಡದವನಿಗೆ ತನ್ನ ಹೆಸರನ್ನು ಬರೆಯಹೊರಟಾಗಲೇ ತಲೆದೋರುತ್ತಿತ್ತು. ನಾವು ಈ ವಿಷಯವನ್ನು ರಾಜ್ಯೋತ್ಸವದ ಸಂಚಿಕೆಗೆ ಯೋಗ್ಯವೆಂದು ಭಾವಿಸಿದುದು ಇದರಿಂದಲೇ.

ಈಗ ಆ ಕೋಣೆಯ ಸಂಗತಿಗೆ ಬರೋಣ. ೧೯೯೨ನೆಯ ಇಸವಿ. ಗಿಂಡಿಯ ರೈಲ್ವೆ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಹೋಟೆಲುಗಳ ಮತ್ತು ಚಿಕ್ಕ ಕಾರ್ಖಾನೆಗಳ ಲೆಕ್ಕ ಬರೆದುಕೊಡುವ ನಮ್ಮ ಸದಸ್ಯರೊಬ್ಬರ ಕಚೇರಿಯಿದ್ದಿತು. ಅಲ್ಲೊಂದು ೨೮೬ ಯಂತ್ರ. ಅದರಲ್ಲಿ ೨ ಮೆಗಾಬೈಟ್ ಮೆಮೊರಿ. ಹಗಲು ಲೋಟಸ್ ಹಾಳೆಗಳಲ್ಲಿ ಲೆಕ್ಕ. ಸಂಜೆ ಏಳರ ಮೇಲೆ ಯಂತ್ರವನ್ನು ಸಂಘದ ಕೆಲಸಕ್ಕೆ ಬಿಟ್ಟುಕೊಡುವ ಔದಾರ್ಯವನ್ನು ಅವರು ತೋರಿದರು. ಅಲ್ಲಿಯ ವರೆಗೆ ನಮ್ಮ ಸಂಚಿಕೆಯ ಕನ್ನಡ ಪುಟಗಳನ್ನು ಮೊಳೆ ಜೋಡಿಸಿ ಅಚ್ಚು ಮಾಡಿಸುತ್ತಿದ್ದೆವು. ಕನ್ನಡ ಬಲ್ಲ ಮೊಳೆ ಜೋಡಿಸುವವರು ಊರಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಆ ವರ್ಷ ವಿಂಡೋಸ್ ಮೇಲೆ ನಡೆಯುವ ಕನ್ನಡ ಅಕ್ಷರಗಳ ಪ್ರೋಗ್ರಾಮನ್ನು ತರಿಸಿ, ನಮ್ಮ ಪುಟಗಳನ್ನು ನಾವೇ ಜೋಡಿಸುವುದೆಂದು ನಿಶ್ಚಯವಾಯಿತು. ಇಂಜಿನಿಯರಿಂಗ್ ಓದುತ್ತಿದ್ದ ನಮ್ಮವರ ಹುಡುಗನೊಬ್ಬ ಯಂತ್ರದ ಉಸ್ತುವಾರಿಗೆ ನಿಂತನು.

ಆ ಯಂತ್ರದಲ್ಲಿ ಮೊದಲ ಮೆಗಾಬೈಟಿನ ಮೇಲಿನ ಇನ್ನೊಂದು ಮೆಗಾಬೈಟನ್ನು ಎಕ್ಸ್‌ಪ್ಯಾಂಡೆಡ್ ಎಂದಾದರೂ ಎಕ್ಸ್‌ಟೆಂಡೆಡ್ ಎಂದಾದರೂ ಗೊತ್ತುಪಡಿಸುವ ಅನುಕೂಲವಿದ್ದಿತು. ಯಂತ್ರ ಏಳುವ ಮೊದಲು ಸೆಟಪ್ ಎಂಬ ನೀಲಿ ತೆರೆಯಲ್ಲಿ ಆರಿಸಬೇಕು. ಆರಿಸಿದುದನ್ನು ಬದಲಿಸಬೇಕಾದರೆ ಯಂತ್ರವನ್ನು ಮತ್ತೆ ಮೊದಲಿನಿಂದ ಎಬ್ಬಿಸಬೇಕು. ಲೆಕ್ಕದವರು ಕೊಂಡಾಗಿನಿಂದ ಅದು ಎಕ್ಸ್‌ಪ್ಯಾಂಡೆಡ್ ಆಗಿಯೇ ಇದ್ದಿತು. ನಾವು ವಿಂಡೋಸ್ ಹಾಕಿದ ರಾತ್ರಿ ಅದು ಏಳಲೊಲ್ಲದು. ಹನ್ನೊಂದು ಗಂಟೆಯ ವರೆಗೆ ಕೈಪಿಡಿ ತಿರುವಿ ಹುಡುಗನು ಕಾರಣ ಕಂಡುಕೊಂಡು ಎಕ್ಸ್‌ಟೆಂಡೆಡಿಗೆ ಬದಲಿಸಿದಾಗ, ತೆರೆಯ ಮೇಲೆ “ರಾಜ್ಯೋತ್ಸವ ಸಂಚಿಕೆ” ಎಂಬ ಅಕ್ಷರಗಳು ಮೂಡಿದುವು. ಆ ಕ್ಷಣದ ಸಂತೋಷವನ್ನು ಈಗಲೂ ಮರೆತಿಲ್ಲ. ಮರುದಿನ ಬೆಳಗ್ಗೆ ಹತ್ತಕ್ಕೆ ಲೆಕ್ಕದವರಿಂದ ದೂರು ಬಂದಿತು: ದೊಡ್ಡ ಹೋಟೆಲೊಂದರ ವರ್ಷದ ಹಾಳೆ ತೆರೆಯುವುದೇ ಇಲ್ಲ, ಮೆಮೊರಿ ತುಂಬಿತೆನ್ನುತ್ತದೆ. ಅಂದಿನಿಂದ ಯಂತ್ರದ ನೆತ್ತಿಯ ಮೇಲೆ ಒಂದು ಚೀಟಿ ಅಂಟಿಸಲಾಯಿತು: “ಲೆಕ್ಕಕ್ಕೆ ಎಕ್ಸ್‌ಪ್ಯಾಂಡೆಡ್. ಕನ್ನಡಕ್ಕೆ ಎಕ್ಸ್‌ಟೆಂಡೆಡ್. ಬದಲಿಸಿದವರು ಹೇಳಿ ಹೋಗತಕ್ಕದ್ದು.” ಮೆಮೊರಿಯನ್ನು ಹೊಸದಾಗಿ ಕೊಳ್ಳಬಹುದಾಗಿತ್ತಲ್ಲಾ ಎಂದು ಕೇಳಬಹುದು. ಸಂಘದ ಪೆಟ್ಟಿಗೆಯಲ್ಲಿದ್ದುದು ಕಾಗದಕ್ಕೂ ಅಚ್ಚಿಗೂ ಸಾಕಾಗುವಷ್ಟು ಮಾತ್ರ.

ಹುಡುಗನು ಇನ್ನೊಂದು ಅನುಕೂಲವನ್ನೂ ಮಾಡಿದ್ದನು. ಎಕ್ಸ್‌ಟೆಂಡೆಡಿನ ಒಂದು ಭಾಗವನ್ನು ಡಿಸ್ಕಿನಂತೆ ನಟಿಸುವಂತೆ ಏರ್ಪಡಿಸಿ ಅದಕ್ಕೆ ಡಿ ಎಂದು ಹೆಸರಿಟ್ಟನು. ಹಾರ್ಡ್ ಡಿಸ್ಕು ಗರಗರ ತಿರುಗುವ ವೇಳೆಯೆಲ್ಲ ಉಳಿದು, ಅಲ್ಲಿಟ್ಟ ಕಡತ ಕಣ್ಣುಮಿಟುಕಿಸುವಷ್ಟರಲ್ಲಿ ತೆರೆಯುತ್ತಿತ್ತು. ತಾತ್ಕಾಲಿಕ ಕಡತಗಳಿಗೆಂದು ಅವನು ಮಾಡಿದ ಜಾಗ ಅದು. ಅದು ಡಿಸ್ಕಲ್ಲ, ಡಿಸ್ಕಿನ ವೇಷ ಹಾಕಿದ ಮೆಮೊರಿ ಎಂಬುದನ್ನೂ, ಯಂತ್ರ ಆರಿದರೆ ವೇಷವೂ ಒಳಗಿದ್ದುದೂ ಒಟ್ಟಿಗೆ ಹೋಗುತ್ತವೆ ಎಂಬುದನ್ನೂ ಅವನು ನಮಗೆ ಹೇಳಿದ್ದನು. ನಾವು ಕೇಳಿದ್ದೆವು, ಮನಸ್ಸಿಗೆ ತಂದುಕೊಂಡಿರಲಿಲ್ಲ.

ಆ ವರ್ಷದ ಸಂಚಿಕೆಗೆ ನಮ್ಮಲ್ಲಿಯ ಹಿರಿಯರೊಬ್ಬರ ನೆನಪುಗಳನ್ನು ಬರೆದುಕೊಳ್ಳುವುದೆಂದು ಆಗಿತ್ತು. ಕುಂದಾಪುರದ ಕಡೆಯವರು. ಹನ್ನೆರಡು ವರ್ಷದ ಹುಡುಗರಾಗಿದ್ದಾಗ, ಮಹಾಯುದ್ಧಕ್ಕೆ ಮುಂಚೆ, ಮದ್ರಾಸಿನ ಹೋಟೆಲಿಗೆ ರುಬ್ಬುವ ಕೆಲಸಕ್ಕೆ ಬಂದವರು. ಓದು ಬರಹ ಹೆಚ್ಚಿಲ್ಲ; ಜ್ಞಾಪಕ ಅಗಾಧ. ಎರಡು ರಾತ್ರಿ ಅವರು ಹೇಳುತ್ತ ಹೋದರು, ಹುಡುಗನು ಟೈಪು ಮಾಡುತ್ತ ಹೋದನು. ಊರಿನಿಂದ ಮಂಗಳೂರಿನ ವರೆಗಿನ ಪ್ರಯಾಣ, ಹೊಳೆ ದಾಟಿದ ದೋಣಿ, ರೈಲಿನ ಡಬ್ಬಿಯಲ್ಲಿ ಹಂಚಿ ತಿಂದ ಅವಲಕ್ಕಿ, ಮದ್ರಾಸಿನಲ್ಲಿ ಇಳಿದಾಗ ಕಂಡ ಜನಸಾಗರ—ಎಲ್ಲವೂ ಹನ್ನೊಂದು ಪುಟಗಳಾದುವು. ತಮ್ಮೊಡನೆ ಅದೇ ಡಬ್ಬಿಯಲ್ಲಿ ಬಂದ ಏಳು ಹುಡುಗರ ಹೆಸರನ್ನೂ, ಯಾರ ಮನೆ ಎಲ್ಲಿಯದು, ಯಾರು ಯಾವ ಹೋಟೆಲಿಗೆ ಸೇರಿದರು, ಯಾರು ಜ್ವರ ಬಂದು ಆರೇ ತಿಂಗಳಲ್ಲಿ ತೀರಿಕೊಂಡರು ಎಂಬುದನ್ನೂ ಒಂದೊಂದಾಗಿ ಹೇಳಿದರು. ಕಡತವನ್ನು ಉಳಿಸುವಾಗ ನಮ್ಮಲ್ಲಿ ಯಾರೋ, ಬಹುಶಃ ಬೇಗನೆ ಆಗಲೆಂಬ ಆತುರದಿಂದ, ಡಿ ಎಂಬಲ್ಲಿಯೇ ಉಳಿಸಿದೆವು. ಯಂತ್ರವನ್ನು ಆರಿಸದೆ ಮನೆಗೆ ಹೋದೆವು.

ಬೆಳಗ್ಗೆ ಲೆಕ್ಕದವರು ಚೀಟಿಯ ಪ್ರಕಾರವೇ ನಡೆದುಕೊಂಡರು. ಯಂತ್ರವನ್ನು ಹೊಸದಾಗಿ ಎಬ್ಬಿಸಿ, ಸೆಟಪ್ಪಿನಲ್ಲಿ ಎಕ್ಸ್‌ಪ್ಯಾಂಡೆಡ್ ಎಂದು ಆರಿಸಿ ತಮ್ಮ ಕೆಲಸ ಮಾಡಿದರು. ಸಂಜೆ ನಾವು ಮತ್ತೆ ಎಕ್ಸ್‌ಟೆಂಡೆಡಿಗೆ ಬಂದು ಡಿಯನ್ನು ತೆರೆದರೆ ಅದು ತೊಳೆದಿಟ್ಟ ಗಿಂಡಿಯಂತೆ ಖಾಲಿಯಾಗಿದ್ದಿತು. ತಪ್ಪು ಲೆಕ್ಕದವರದಲ್ಲ, ಹುಡುಗನದೂ ಅಲ್ಲ, ನಮ್ಮದೇ.

ವಿಷಯವನ್ನು ಹಿರಿಯರಿಗೆ ತಿಳಿಸಲು ಇಬ್ಬರು ಹೋದೆವು. ಹುಡುಗನು ಅಳುವುದೊಂದು ಬಾಕಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಯ್ತಲ್ಲ ಮಾಣಿ, ಇರ್ಲಿ, ಇನ್ನೊಂದ್ ಸಲ ಹೇಳ್ತೆ, ಬರ್ಕೊ” ಎಂದರು. ಹೇಳಿದರು ಕೂಡ. ಆದರೆ ಎರಡನೆಯ ಬಾರಿಯದು ಮೊದಲಿನ ಅರ್ಧವೂ ಆಗಲಿಲ್ಲ. ಹೇಳಿದ್ದನ್ನೇ ಮತ್ತೆ ಹೇಳುವಾಗ ಮನಸ್ಸು ಹಳೆಯ ದಾರಿಯಲ್ಲಿ ನಡೆಯುವುದಿಲ್ಲ. ಅಡ್ಡದಾರಿ ಹಿಡಿದು ಬೇಗ ಊರು ಸೇರುತ್ತದೆ. ಏಳು ಹುಡುಗರಲ್ಲಿ ಮೂವರ ಹೆಸರುಗಳು ಬಂದುವು. ಮಿಕ್ಕವರದು ನಾಳೆ ನೆನಪಾದೀತು ಎಂದರು. ಸಂಚಿಕೆ ಐದು ಪುಟಗಳ ಆ ಲೇಖನದೊಡನೆ ಹೊರಬಂದಿತು, ಓದಿದವರು ಮೆಚ್ಚಿದರು. ಕೆಲವು ವರ್ಷಗಳ ಬಳಿಕ ಹಿರಿಯರೂ ತೀರಿಕೊಂಡರು. ಆ ನಾಲ್ಕು ಹೆಸರುಗಳು ಇಂದಿಗೂ ನಮ್ಮಲ್ಲಿಲ್ಲ.

ಯಂತ್ರದ ಚರಿತ್ರೆ ಮಾತ್ರ ಮುಂದಕ್ಕೆ ನಡೆಯಿತು. ೩೮೬ ಪ್ರೊಸೆಸರು ಅಗ್ಗವಾಗುತ್ತ ಬಂದಂತೆ ಆಯ್ಕೆಯ ಕಾಠಿಣ್ಯ ಕಡಿಮೆಯಾಯಿತು. ಮಾಳಿಗೆಯ ಮೆಮೊರಿಯನ್ನೇ ಉಗ್ರಾಣವೆಂದು ತೋರಿಸುವ ಶಕ್ತಿ ಅದಕ್ಕಿದ್ದಿತು. ಡಾಸ್ ೫ರೊಡನೆ ಬಂದ ಇಎಂಎಂ೩೮೬ ಎಂಬ ಪ್ರೋಗ್ರಾಮಿಗೆ ಒಂದು ಸಾಲಿನ ಕೊನೆಯಲ್ಲಿ ರ್‍ಯಾಮ್ ಎಂದು ಬರೆದರೆ ಎಕ್ಸ್‌ಟೆಂಡೆಡಿನಿಂದಲೇ ಎಕ್ಸ್‌ಪ್ಯಾಂಡೆಡ್ ತಯಾರು. ನೋಇಎಂಎಸ್ ಎಂದು ಬರೆದರೆ ಕಿಟಕಿಯನ್ನು ಮುಚ್ಚಿ, ಅದರ ೬೪ ಕಿಲೋಬೈಟ್ ಜಾಗವನ್ನು ಬೇರೆ ಚಿಕ್ಕ ಪ್ರೋಗ್ರಾಮುಗಳಿಗೆ ಬಿಟ್ಟುಕೊಡುವುದು. ಒಂದು ಕಾಲಕ್ಕೆ ಕಾರ್ಡು ಕೊಳ್ಳುವ ಪ್ರಶ್ನೆಯಾಗಿದ್ದುದು ಒಂದು ಪದ ಬರೆಯುವ ಪ್ರಶ್ನೆಯಾಗಿ ಇಳಿಯಿತು. ೧೯೯೫ರ ಆಗಸ್ಟಿನಲ್ಲಿ ವಿಂಡೋಸ್ ೯೫ ಬಂದ ಮೇಲೆ ಬಳಸುವವನು ಆ ಪದವನ್ನೂ ಮರೆತನು. ಎಕ್ಸ್‌ಟೆಂಡೆಡ್ ಗೆದ್ದಿತೆಂದು ಹೇಳಬಹುದು. ಎಷ್ಟರ ಮಟ್ಟಿಗೆ ಗೆದ್ದಿತೆಂದರೆ ಅದಕ್ಕೆ ಪ್ರತ್ಯೇಕವಾದ ಹೆಸರೇ ಬೇಡವಾಯಿತು. ಆದರೆ ಎಕ್ಸ್‌ಪ್ಯಾಂಡೆಡ್ ಸೋತಿತೆನ್ನುವುದು ನ್ಯಾಯವಲ್ಲ. ಹೊಸ ಯಂತ್ರ ಕೊಳ್ಳಲಾರದ ಸಾವಿರಾರು ಜನರ ಹಳೆಯ ಯಂತ್ರಗಳನ್ನು ಅದು ಹತ್ತು ವರ್ಷ ಸಾಕಿತು. ಸಂಪೂರ್ಣವಾದ ಪರಿಹಾರ ಬರುವ ತನಕ ಬಡವನ ಸಂಸಾರವನ್ನು ಸಾಗಿಸುವುದು ಇಂಥ ಕಿಟಕಿಗಳೇ.

ಕನ್ನಡವೂ ಮುಂದಕ್ಕೆ ನಡೆಯಿತು. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ಇಂಗ್ಲಿಷಿನ ೨೬ ಕೀಲಿಗಳ ಮೇಲೆಯೇ ನಮ್ಮ ಕಾಗುಣಿತವನ್ನೆಲ್ಲ ಕೂರಿಸಿ, ಮುಂದೆ ಕರ್ನಾಟಕ ಸರ್ಕಾರದ ಮನ್ನಣೆ ಪಡೆಯಿತು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂದು, ಪರಸ್ಥಳದ ಕನ್ನಡ ಸಂಘಗಳಿಗೆಲ್ಲ ತಮ್ಮ ಪುಟವನ್ನು ತಾವೇ ಜೋಡಿಸುವ ಸ್ವಾತಂತ್ರ್ಯ ದೊರೆಯಿತು. ಯುನಿಕೋಡಿನ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದು, ಇಂದು ಅದು ಪ್ರತಿಯೊಬ್ಬರ ಫೋನಿನಲ್ಲಿಯೂ ನೆಲೆಸಿದೆ. ಈ ಫೋನುಗಳ ಮೆಮೊರಿ ನಮ್ಮ ಆ ಯಂತ್ರದ್ದಕ್ಕಿಂತ ಸಾವಿರಾರು ಪಟ್ಟು ದೊಡ್ಡದು. ಎಕ್ಸ್‌ಟೆಂಡೆಡೋ ಎಕ್ಸ್‌ಪ್ಯಾಂಡೆಡೋ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಕೇಳಬೇಕಾದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ: ಉಳಿಸಿದ್ದು ಎಲ್ಲಿ ಉಳಿಸಿದ್ದೇವೆ? ಯಂತ್ರ ಆರಿದಾಗ ಉಳಿಯುವಲ್ಲಿ ಉಳಿಸಿದ್ದೇವೆಯೋ, ಬೇಗನೆ ತೆರೆಯುತ್ತದೆಂದು ಕಂಡಲ್ಲಿ ಇಟ್ಟುಬಿಟ್ಟಿದ್ದೇವೆಯೋ? ನಮ್ಮ ಅಜ್ಜಿಯರ ಹಾಡು, ನಮ್ಮ ಹಿರಿಯರು ಈ ಊರಿಗೆ ಬಂದ ಕಥೆ, ಅವರೊಡನೆ ರೈಲು ಹತ್ತಿದವರ ಹೆಸರುಗಳು ಇಂದು ಹಲವರ ಫೋನಿನಲ್ಲಿ ಧ್ವನಿಯಾಗಿ ಬಿದ್ದಿವೆ. ಫೋನು ಕೆಟ್ಟರೆ ಅವೂ ನಮ್ಮ ಡಿಯ ದಾರಿಯನ್ನೇ ಹಿಡಿಯುವುವು. ಆ ನಾಲ್ಕು ಹೆಸರುಗಳು ಕಳೆದುಹೋದ ಮೇಲೆ ನಮ್ಮ ಸಂಘದಲ್ಲಿ ಒಂದು ಪದ್ಧತಿ ಬಂದಿದೆ. ಯಾರ ನೆನಪನ್ನು ಬರೆದುಕೊಂಡರೂ ಅಂದೇ ಎರಡು ಪ್ರತಿ ಮಾಡಿ, ಒಂದನ್ನು ಕಾಗದದ ಮೇಲೆ ಅಚ್ಚು ತೆಗೆದು ಅವರ ಮನೆಯಲ್ಲಿಯೇ ಕೊಟ್ಟು ಬರುವುದು. ಹುಡುಗನಾಗಿದ್ದವನು ಈಗ ಮಧ್ಯವಯಸ್ಸಿನ ಇಂಜಿನಿಯರನಾಗಿದ್ದಾನೆ. ಈ ಪದ್ಧತಿ ತಪ್ಪದಂತೆ ನೋಡಿಕೊಳ್ಳುವವನೂ ಅವನೇ.

ಮಹಾಯುದ್ಧಕ್ಕೆ ಮುಂಚೆ ಕುಂದಾಪುರದ ಕಡೆಯಿಂದ ಮದ್ರಾಸಿನ ಹೋಟೆಲುಗಳಿಗೆ ಬಂದ ಹುಡುಗರ ಕುಟುಂಬದವರು ಈ ಸಾಲುಗಳನ್ನು ಓದುತ್ತಿದ್ದರೆ, ತಮ್ಮ ಮನೆಯ ಹಿರಿಯರು ಯಾರೊಡನೆ ರೈಲು ಹತ್ತಿದರೆಂಬುದನ್ನು ಒಮ್ಮೆ ಕೇಳಿ ನೋಡಬೇಕೆಂದು ಪ್ರಾರ್ಥಿಸುತ್ತೇವೆ. ತಿಳಿದುಬಂದರೆ ಮುಂದಿನ ಸಂಚಿಕೆಯಲ್ಲಿ ಆ ಹೆಸರುಗಳಿಗೆ ಸ್ಥಳ ಕಾದಿದೆ. ವಾಚಕರೆಲ್ಲರಿಗೂ ರಾಜ್ಯೋತ್ಸವದ ಶುಭಾಶಯಗಳು.